ತುತ್ತು ಸಿಕ್ಕಿಕೊಂಡರೆ ಸೋಡಾ ಸಾಲದು!



ದಿನಕ್ಕೆ ಸಾವಿರ ಜನರಿಗೆ ಅನ್ನವಿಕ್ಕುವ ಕೈ ನಮ್ಮದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಡ್ಲಿಯ ಹಿಟ್ಟು ಹೊಯ್ಯುವವರು ನಮ್ಮವರು. ರಾತ್ರಿ ಹನ್ನೆರಡಕ್ಕೆ ಮೇಜು ಒರೆಸಿ ಅದೇ ಮೇಜಿನ ಮೇಲೆ ಮೈ ಚಾಚುವವರು ನಮ್ಮವರು. ಅಂಥವರೊಬ್ಬರು ತಮ್ಮ ತಟ್ಟೆಯ ಮುಂದೆ ಕುಳಿತು, ಬಾಯಿಗಿಟ್ಟ ತುತ್ತು ಎದೆಯಲ್ಲಿ ಸಿಕ್ಕಿಕೊಂಡು, ಕೆಳಗಿಳಿಯದೆ, ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನಾನು ನೋಡಿದ್ದೇನೆ. ನೋಡಿಯೂ ಐದು ತಿಂಗಳು ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಆದುದರಿಂದ ಈ ಲೇಖನದಲ್ಲಿ ಯಾರಿಗಾದರೂ ಬೈಗಳು ಸಲ್ಲುವುದಿದ್ದರೆ ಮೊದಲನೆಯದು ನನಗೇ ಸಲ್ಲಲಿ.

ಅವರ ಹೆಸರು ಬೇಡ. ಕುಂದಾಪುರದ ಕಡೆಯವರು, ವಯಸ್ಸು ೫೨, ಮೂವತ್ತು ವರ್ಷ ಭಟ್ಟಿಯ ಮುಂದೆ ನಿಂತು ಬೆಂದವರು. ನಮಗೆಲ್ಲ ಅವರು ಅಣ್ಣ. ಮೊದಲು ಚಪಾತಿ ಸಿಕ್ಕಿತು. "ನಿಧಾನ ಜಗಿದು ತಿನ್ನಿ ಅಣ್ಣ" ಎಂದೆವು. ಆಮೇಲೆ ಅನ್ನ ಸಿಕ್ಕಿತು. "ವಾಯು ಇರಬೇಕು, ಒಂದು ಸೋಡಾ ಕುಡಿಯಿರಿ" ಎಂದೆವು. ಸ್ಟೇಶನ್ನಿನ ಬಳಿಯ ಡಾಕ್ಟರರು ಹೊಟ್ಟೆ ಮುಟ್ಟಿಯೂ ನೋಡದೆ ಗ್ಯಾಸಿನ ಗುಳಿಗೆ ಬರೆದರು. ಅದು ಮುಗಿದಾಗ ಔಷಧದ ಅಂಗಡಿಯವನೇ ಇನ್ನೊಂದು ಚೀಟಿ ಗುಳಿಗೆ ಕೊಟ್ಟ. ಮೂರನೆಯ ತಿಂಗಳಿಗೆ ಅಣ್ಣನ ಊಟ ಗಂಜಿಗೆ ಬಂತು. ನಾಲ್ಕನೆಯ ತಿಂಗಳಿಗೆ ಸೊಂಟದ ಪಟ್ಟಿಗೆ ಎರಡು ಹೊಸ ತೂತು ಕೊರೆದುಕೊಂಡರು. ಆಗ ಧಣಿಗಳ ಕಣ್ಣು ತೆರೆಯಿತು. ಅವರು ಏನು ಮಾಡಿದರು? ರೈಲಿನ ಟಿಕೇಟು ತೆಗೆಸಿ, ಕೈಯಲ್ಲಿ ಒಂದಿಷ್ಟು ಹಣವಿಟ್ಟು, "ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊ" ಎಂದರು. ಊರಲ್ಲಿ ಹರಕೆ ಹೊತ್ತರು, ಕಷಾಯ ಕುಡಿಸಿದರು. ನೀರೂ ಇಳಿಯುವುದು ಕಷ್ಟವಾದಾಗ ಮತ್ತೆ ಮುಂಬಯಿಗೆ ಕರೆತಂದರು. ಆಗ, ಐದು ತಿಂಗಳ ನಂತರ, ಅವರ ಗಂಟಲೊಳಗೆ ದುರ್ಬೀನು ಇಳಿಯಿತು.

ಅನ್ನನಾಳದಲ್ಲಿ ಗಡ್ಡೆ. ಕ್ಯಾನ್ಸರ್. ಅದೂ ಅಪರೂಪದ ಜಾತಿಯದು.

ಈ ಐದು ತಿಂಗಳನ್ನು ನುಂಗಿದವರು ಯಾರು? ಇದೇ ಇಂದಿನ ಪ್ರಶ್ನೆ.

ಎಲ್ಲವೂ ಗ್ಯಾಸು ಎಂಬ ಮಂತ್ರ

ಅನ್ನನಾಳವೆಂದರೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ ಸುಮಾರು ೨೫ ಸೆಂಟಿಮೀಟರಿನ ಕೊಳವೆ. ಒಂದು ಗೇಣಿಗಿಂತ ತುಸು ಉದ್ದ. ಅದು ಕಬ್ಬಿಣದ ಪೈಪಲ್ಲ, ಹಿಗ್ಗುವ ಮಾಂಸದ ಕೊಳವೆ. ಒಳಗೆ ಗಡ್ಡೆ ಬೆಳೆಯತೊಡಗಿದರೂ ಅದು ಹಿಗ್ಗಿ ಹಿಗ್ಗಿ ಅನ್ನಕ್ಕೆ ದಾರಿ ಬಿಟ್ಟುಕೊಡುತ್ತದೆ. ದಾರಿಯ ಅಗಲ ಸುಮಾರು ೧೩ ಮಿಲಿಮೀಟರಿಗೆ ಇಳಿದ ಮೇಲೆ ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗುತ್ತದೆ. ಅಂದರೆ ಮೊದಲ ತುತ್ತು ಸಿಕ್ಕಿಕೊಂಡ ದಿನ ರೋಗದ ಮೊದಲ ದಿನವಲ್ಲ. ಅದು ಆಗಲೇ ಮನೆ ಕಟ್ಟಿ, ಬಾಗಿಲಿಗೆ ಬಂದು ನಿಂತ ದಿನ. ಅಂಥ ದಿನ ನಾವು ಸೋಡಾ ಕೊಡುತ್ತೇವೆ!

ಗ್ಯಾಸಿನ ಗುಳಿಗೆ ಹೊಟ್ಟೆಯ ಆಮ್ಲವನ್ನು ಕಡಿಮೆ ಮಾಡುತ್ತದೆ, ಎದೆಯುರಿ ತಗ್ಗಿಸುತ್ತದೆ. ಅದು ನಿಜ. ಆದರೆ ಗಡ್ಡೆಯನ್ನು ಅದು ಕರಗಿಸುವುದಿಲ್ಲ. ಉರಿ ತಗ್ಗಿದ್ದರಿಂದ "ಗುಣವಾಗುತ್ತಿದೆ" ಎಂಬ ಭ್ರಮೆ ಮಾತ್ರ ಹುಟ್ಟುತ್ತದೆ. ನುಂಗುವಾಗ ಸಿಕ್ಕುವುದು ಬೇರೆ, ಉಂಡ ಮೇಲೆ ಹೊಟ್ಟೆಯುಬ್ಬರಿಸುವುದು ಬೇರೆ. ಈ ಎರಡನ್ನು ಒಂದೇ ಚೀಲಕ್ಕೆ ತುಂಬಿ "ಗ್ಯಾಸು" ಎಂದು ಚೀಟಿ ಅಂಟಿಸುವವರು ಡಾಕ್ಟರರಾದರೇನು, ಅಂಗಡಿಯವರಾದರೇನು, ಪಕ್ಕದ ಹಾಸಿಗೆಯ ಗೆಳೆಯನಾದರೇನು, ಮಾಡುವ ಅನ್ಯಾಯ ಒಂದೇ.

ನುಂಗಲು ಕಷ್ಟವಾದ ಎಲ್ಲರಿಗೂ ಕ್ಯಾನ್ಸರ್ ಇರುತ್ತದೆಯೇ? ಇಲ್ಲ. ಆಮ್ಲದ ಹುಣ್ಣು ಮಾಗಿ ನಾಳ ಕಿರಿದಾಗಿರಬಹುದು. ನಾಳದ ಕೆಳತುದಿಯ ಸ್ನಾಯು ಸಡಿಲವಾಗದೆ ಬಿಗಿದುಕೊಂಡಿರಬಹುದು. ಆದರೆ ಇವುಗಳಲ್ಲಿ ಯಾವುದು ಎಂದು ಹೊರಗಿನಿಂದ ಕೈಯಿಟ್ಟು ಹೇಳಬಲ್ಲ ಧನ್ವಂತರಿ ಇನ್ನೂ ಹುಟ್ಟಿಲ್ಲ. ಒಳಗೆ ನೋಡಬೇಕು. ಇಂಗ್ಲೆಂಡಿನಲ್ಲಿ ೨೦೧೫ರಲ್ಲಿ ಹೊರಡಿಸಿದ ವೈದ್ಯಕೀಯ ಮಾರ್ಗಸೂಚಿ ಏನು ಹೇಳಿತು ಗೊತ್ತೇ? ಯಾವ ವಯಸ್ಸಿನವನೇ ಆಗಲಿ, ನುಂಗಲು ಕಷ್ಟ ಎಂದು ಬಂದರೆ ಎರಡು ವಾರದೊಳಗೆ ಎಂಡೋಸ್ಕೋಪಿ ಆಗಬೇಕು ಎಂದು. ಅಲ್ಲಿಯವನ ಗಂಟಲು ಚಿನ್ನದ್ದು, ನಮ್ಮದು ಮಣ್ಣಿನದ್ದೇ?

ಈ ಎಂಡೋಸ್ಕೋಪಿಗೆ ನಮ್ಮವರು ದುರ್ಬೀನು ಎನ್ನುತ್ತಾರೆ. ಹೆಸರು ಕೇಳಿಯೇ ಹೆದರುತ್ತಾರೆ. ಹೆದರುವಂಥದ್ದು ಅದರಲ್ಲಿ ಏನಿದೆ? ಕಿರುಬೆರಳ ಗಾತ್ರದ, ಬಾಗುವ ಕೊಳವೆ. ಅದರ ತುದಿಯಲ್ಲಿ ದೀಪ, ಕಣ್ಣು. ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿ ಇರಬೇಕು. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ. ಹೆಚ್ಚಿನವರಿಗೆ ಹತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ. ಸಂಶಯದ ಜಾಗ ಕಂಡರೆ ಅದೇ ಕೊಳವೆಯ ಮೂಲಕ ಅಕ್ಕಿಕಾಳಿಗಿಂತ ಸಣ್ಣ ತುಣುಕುಗಳನ್ನು ಹಲವು ಕಡೆಯಿಂದ ತೆಗೆಯುತ್ತಾರೆ. ಇದೇ ಬಯಾಪ್ಸಿ. "ತುಣುಕು ತೆಗೆದರೆ ರೋಗ ಹರಡುತ್ತದೆ" ಎಂದು ಚಾಳಿನ ಜಗಲಿಯಲ್ಲಿ ಕುಳಿತು ಸಾರುವ ಪಂಡಿತರಿಗೆ ನನ್ನದೊಂದು ಮಾತು: ರೋಗ ಹರಡುವುದು ತುಣುಕಿನಿಂದಲ್ಲ, ನಿಮ್ಮ ಮಾತು ಕೇಳಿ ಕಳೆಯುವ ದಿನಗಳಿಂದ.

"ಅಪರೂಪದ ರೋಗ, ನಮಗೇಕೆ?"

ಇನ್ನು ಕೆಲವರ ವಾದ ಇದು: "ನಿಮ್ಮ ಅಣ್ಣನಿಗೆ ಬಂದದ್ದು ಕೋಟಿಗೊಬ್ಬರಿಗೆ ಬರುವ ರೋಗ. ಅದನ್ನು ಹಿಡಿದು ಎಲ್ಲರನ್ನೂ ಹೆದರಿಸುವುದೇಕೆ?"

ಉತ್ತರ ಕೊಡುವ ಮೊದಲು ರೋಗದ ವಿಷಯ ತಿಳಿಯೋಣ. ಅನ್ನನಾಳದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವೇಮಸ್ ಒಂದು. ಗ್ರಂಥಿಯ ಕೋಶಗಳಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಇನ್ನೊಂದು. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಮೊದಲನೆಯದು. ಇವೆರಡೂ ಅಲ್ಲದ ಮೂರನೆಯ ಅಪರೂಪದ ಜಾತಿಗಳಲ್ಲಿ ಒಂದು ಸ್ಮಾಲ್ ಸೆಲ್, ಅಂದರೆ ಸಣ್ಣ ಕೋಶದ ಕ್ಯಾನ್ಸರ್. ೧೯೫೨ರಲ್ಲಿ ಮೆಕ್‌ಕಿಯೋನ್ ಎಂಬ ರೋಗಶಾಸ್ತ್ರಜ್ಞೆ ಅನ್ನನಾಳದಲ್ಲಿ ಇದನ್ನು ಮೊದಲು ಗುರುತಿಸಿ ಬರೆದರು. ಶ್ವಾಸಕೋಶದಲ್ಲಿ ಕಾಣುವ ಇದೇ ಹೆಸರಿನ ರೋಗದ ಒಡಹುಟ್ಟು ಇದು. ಅನ್ನನಾಳದ ಕ್ಯಾನ್ಸರ್ ಆದ ನೂರು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುತ್ತದೆ.

ನೂರಕ್ಕೆ ಒಬ್ಬರು ಎಂದರೆ ಅಲ್ಪವೇ? ಲೆಕ್ಕ ಹಾಕಿ ನೋಡಿ. ಭಾರತದಲ್ಲಿ ವರ್ಷಕ್ಕೆ ೬೦ ಸಾವಿರಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಅನ್ನನಾಳದ ಕ್ಯಾನ್ಸರ್ ಬರುತ್ತದೆಂದು ೨೦೨೦ರ ಅಂತರರಾಷ್ಟ್ರೀಯ ಅಂದಾಜು. ಅದರಲ್ಲಿ ನೂರಕ್ಕೆ ಒಬ್ಬರೆಂದರೂ ವರ್ಷಕ್ಕೆ ಆರು ನೂರು ಮನೆ. ಆ ಆರು ನೂರು ಮನೆಗಳಲ್ಲಿ ಒಂದು ನಿಮ್ಮದಾದರೆ ಅದು ನಿಮಗೆ ಅಪರೂಪವಲ್ಲ, ಅದೇ ಸರ್ವಸ್ವ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಪರೂಪದ ರೋಗವನ್ನು ಹುಡುಕಲು ಬೇರೆ ದಾರಿಯಿಲ್ಲ. ಸಾಮಾನ್ಯ ರೋಗವನ್ನು ಹುಡುಕುವ ಅದೇ ದುರ್ಬೀನು, ಅದೇ ತುಣುಕು, ಅದೇ ಸೂಕ್ಷ್ಮದರ್ಶಕ. ಒಬ್ಬ ಕಾರ್ಮಿಕನನ್ನು ಸಕಾಲಕ್ಕೆ ಪರೀಕ್ಷೆಗೆ ಕಳಿಸಿದರೆ ಆ ನೂರರಲ್ಲಿ ಒಬ್ಬನೂ ಸಿಗುತ್ತಾನೆ, ಉಳಿದ ತೊಂಬತ್ತೊಂಬತ್ತು ಜನರೂ ಸಿಗುತ್ತಾರೆ. ಆದುದರಿಂದ "ಅಪರೂಪ" ಎಂಬುದು ಸುಮ್ಮನಿರಲು ಕಾರಣವಲ್ಲ, ಸುಮ್ಮನಿರುವವರ ನೆಪ.

ಹೆಸರು ತಿಳಿಯದೆ ಕತ್ತಿ ಹಿಡಿಯುವವರು

ಅಣ್ಣನ ಕತೆ ದುರ್ಬೀನಿಗೆ ಮುಗಿಯಲಿಲ್ಲ. ಮೊದಲ ಕಾಗದದಲ್ಲಿ "ಕ್ಯಾನ್ಸರ್" ಎಂದಷ್ಟೇ ಇತ್ತು. ಯಾವ ಜಾತಿ ಎಂಬ ಮಾತೇ ಇರಲಿಲ್ಲ. ಆದರೂ ಒಂದು ಖಾಸಗಿ ನರ್ಸಿಂಗ್ ಹೋಮಿನವರು, "ನಾಳೆಯೇ ಆಪರೇಶನ್, ಮುಂಗಡ ಕಟ್ಟಿ" ಎಂದರು. ನಾವು ಮೂರ್ಖರು ಚಂದಾ ಎತ್ತಲು ಹೊರಟೆವು! ಊರಿನ ಗದ್ದೆ ಅಡವಿಡುವ ಮಾತೂ ಬಂತು. ನಮ್ಮಲ್ಲಿ ಒಬ್ಬ ಬುದ್ಧಿವಂತ ಸಪ್ಲಾಯರ್ ಹುಡುಗ, ರಾತ್ರಿ ಶಾಲೆಯಲ್ಲಿ ಓದುವವನು, "ಸರಕಾರದ ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸೋಣ" ಎಂದು ಹಟ ಹಿಡಿದ. ಅಲ್ಲಿಯ ವೈದ್ಯೆ ಕಾಗದ ಓದಿ, "ಆ ತುಣುಕಿನ ಗಾಜುಗಳನ್ನು, ಮೇಣದ ಅಚ್ಚನ್ನು ತನ್ನಿ, ಇನ್ನೊಮ್ಮೆ ನೋಡಬೇಕು" ಎಂದರು. ನೋಡಿದರೆ ಅದು ಸಣ್ಣ ಕೋಶದ ಕ್ಯಾನ್ಸರ್. ಹೊಟ್ಟೆಯ ಸಿ.ಟಿ. ತೆಗೆದರೆ ಪಿತ್ತಕೋಶದ ಪಕ್ಕದಲ್ಲಿ, ಯಕೃತ್ತಿನಲ್ಲಿ ಆಗಲೇ ಕಲೆಗಳು. ಅಂದರೆ ಎದೆ ಸೀಳಿ ಅನ್ನನಾಳ ತೆಗೆದಿದ್ದರೆ ಗದ್ದೆಯೂ ಹೋಗುತ್ತಿತ್ತು, ಅಣ್ಣನಿಗೆ ಉಳಿದಿದ್ದ ದಿನಗಳು ಗಾಯ ಮಾಯುವುದರಲ್ಲೇ ಹೋಗುತ್ತಿದ್ದವು, ರೋಗವೋ ಯಕೃತ್ತಿನಲ್ಲಿ ಕುಳಿತು ನಗುತ್ತಿತ್ತು.

ಜಾತಿ ತಿಳಿಯುವುದು ಎಷ್ಟು ಮುಖ್ಯ ಎಂಬುದು ನಮಗೆ ಆಗ ತಿಳಿಯಿತು. ಮನುಷ್ಯರಲ್ಲಿ ಜಾತಿ ಕೇಳಬಾರದು. ಗಡ್ಡೆಯಲ್ಲಿ ಮಾತ್ರ ಜಾತಿ ಕೇಳದೆ ಚಿಕಿತ್ಸೆ ಮಾಡಬಾರದು!

ಸಣ್ಣ ಕೋಶದ ರೋಗದ ಗುಣವೇ ಓಟ. ಅದು ಬೇಗ ಬೆಳೆಯುತ್ತದೆ, ಬೇಗ ರಕ್ತದಲ್ಲಿ ಸೇರಿ ದೂರಕ್ಕೆ ಹೋಗುತ್ತದೆ; ಕಂಡುಹಿಡಿಯುವ ಹೊತ್ತಿಗೆ ಬಹಳ ಜನರಲ್ಲಿ ಆಗಲೇ ಬೇರೆ ಅಂಗಗಳಿಗೆ ಹರಡಿರುತ್ತದೆ. ಆದುದರಿಂದ ಇಲ್ಲಿ ಬರಿಯ ಕತ್ತಿಯ ಕೆಲಸ ಸಾಲದು. ಮೈಯೆಲ್ಲ ಸಂಚರಿಸುವ ಔಷಧವೇ ಮುಂದಾಳು. ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್, ಅದರ ಜೊತೆಗೆ ಎಟೊಪೊಸೈಡ್: ಈ ಜೋಡಿಯನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ರೋಗ ಅನ್ನನಾಳದ ಸುತ್ತಮುತ್ತಲೇ ಇದ್ದರೆ ಜೊತೆಗೆ ವಿಕಿರಣವನ್ನೂ ಕೊಡುತ್ತಾರೆ. ನಮ್ಮವರು ಅದಕ್ಕೆ "ಕರೆಂಟು ಕೊಡುವುದು" ಎನ್ನುತ್ತಾರೆ. ತೀರ ಆರಂಭದಲ್ಲಿ ಸಿಕ್ಕ ಕೆಲವರಿಗೆ ಮಾತ್ರ, ಔಷಧದ ಜೊತೆಗೆ, ಶಸ್ತ್ರಕ್ರಿಯೆಯ ವಿಚಾರ ಬರುತ್ತದೆ. ರೋಗ ಅಪರೂಪವಾದುದರಿಂದ ಸಾವಿರಾರು ರೋಗಿಗಳ ಮೇಲೆ ಪ್ರಯೋಗ ಮಾಡಿ ಕಟ್ಟಿದ ಶಾಸ್ತ್ರ ಇದಕ್ಕಿಲ್ಲ. ಶ್ವಾಸಕೋಶದ ಸಣ್ಣ ಕೋಶದ ರೋಗದಲ್ಲಿ ಕಲಿತದ್ದನ್ನೇ ವೈದ್ಯರು ಇಲ್ಲಿ ಬಳಸುತ್ತಾರೆ.

ಸಾಮಾನ್ಯ ಸ್ಕ್ವೇಮಸ್ ಜಾತಿಯ ದಾರಿ ಬೇರೆ. ಅಲ್ಲಿ ರೋಗ ದೂರಕ್ಕೆ ಹರಡಿಲ್ಲದಿದ್ದರೆ ಶಸ್ತ್ರಕ್ರಿಯೆಗೆ ದೊಡ್ಡ ಸ್ಥಾನವಿದೆ. ಆದರೆ ಅಲ್ಲಿಯೂ "ಬಂದ ಕೂಡಲೆ ಕತ್ತರಿಸು" ಎಂಬ ಕಾಲ ಹೋಯಿತು. ೨೦೧೨ರಲ್ಲಿ ಪ್ರಕಟವಾದ ನೆದರ್ಲೆಂಡಿನ ಪ್ರಸಿದ್ಧ ಪ್ರಯೋಗದಲ್ಲಿ ನೇರವಾಗಿ ಶಸ್ತ್ರಕ್ರಿಯೆ ಆದವರಲ್ಲಿ ಅರ್ಧ ಜನ ೨೪ ತಿಂಗಳು ದಾಟಿದರು. ಮೊದಲು ಐದು ವಾರ ಔಷಧ, ವಿಕಿರಣ ಕೊಟ್ಟು ಆಮೇಲೆ ಶಸ್ತ್ರಕ್ರಿಯೆ ಮಾಡಿದವರಲ್ಲಿ ಅರ್ಧ ಜನ ೪೯ ತಿಂಗಳು ದಾಟಿದರು. ಎರಡು ಪಟ್ಟು! ಒಂದೇ ನಾಳ, ಒಂದೇ ಗಡ್ಡೆ ಎಂದು ಕಾಣುವಲ್ಲಿ ಚಿಕಿತ್ಸೆಯ ಕ್ರಮ ಹೀಗೆ ಬೇರೆ ಬೇರೆ. ಇದನ್ನು ನಿರ್ಧರಿಸುವುದು ಕತ್ತಿಯಲ್ಲ, ಮುಂಗಡದ ಹಣವಲ್ಲ, ಸೂಕ್ಷ್ಮದರ್ಶಕದ ಕೆಳಗಿನ ಆ ಅಕ್ಕಿಕಾಳು.

ಸಣ್ಣ ಕೋಶವನ್ನು ಗುರುತಿಸಲು ರೋಗಶಾಸ್ತ್ರಜ್ಞರು ಸಾಮಾನ್ಯ ಬಣ್ಣಕ್ಕೆ ನಿಲ್ಲುವುದಿಲ್ಲ. ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್, ಸಿ.ಡಿ. ೫೬ ಎಂಬ ವಿಶೇಷ ಪರೀಕ್ಷೆಗಳನ್ನು ಮಾಡುತ್ತಾರೆ. ಎದೆಯ ಸಿ.ಟಿ. ತೆಗೆದು, ಗಡ್ಡೆಯ ಮೂಲ ಶ್ವಾಸಕೋಶದಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಈ ಹೆಸರುಗಳು ನಾಲಿಗೆಗೆ ಕಷ್ಟ, ಒಪ್ಪುತ್ತೇನೆ. ಆದರೆ ಗ್ರಾಹಕರು ಒಂದೇ ಉಸಿರಿನಲ್ಲಿ ಹೇಳುವ ಹದಿನೆಂಟು ತಿಂಡಿಯ ಆರ್ಡರನ್ನು ನೆನಪಿಡುವ ನಮಗೆ ಈ ಮೂರು ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಅಸಾಧ್ಯವೇ?

ಹಳೆಯ ಔಷಧ, ಹಳೆಯ ನೆಪ

"ಕ್ಯಾನ್ಸರಿನ ಔಷಧ ಶ್ರೀಮಂತರಿಗೆ ಮಾತ್ರ" ಎಂಬ ಮಾತೂ ಪೂರ್ತಿ ನಿಜವಲ್ಲ. ಲಕ್ಷಗಟ್ಟಲೆ ಬೆಲೆಯ ಹೊಸ ಔಷಧಗಳಿವೆ, ಹೌದು. ಆದರೆ ಸಿಸ್‌ಪ್ಲಾಟಿನ್ ೧೯೭೮ರಲ್ಲಿಯೇ ಅಮೇರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಔಷಧ. ಎಟೊಪೊಸೈಡ್ ಕೂಡ ೧೯೮೩ರದು. ಎರಡೂ ಭಾರತದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ, ನಮ್ಮ ದೇಶದಲ್ಲೇ ತಯಾರಾಗುತ್ತವೆ. ಅಣ್ಣನಿಗೆ ಕೊಟ್ಟದ್ದು ಈ ಹಳೆಯ ಔಷಧಗಳನ್ನೇ. ಎರಡನೆಯ ಸರದಿ ಮುಗಿದ ವಾರ ಅವರು ಒಂದು ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿ ಪೂರ್ತಿ ತಿಂದರು. ತಿಂದು, "ಉಪ್ಪು ಕಡಿಮೆ" ಎಂದರು! ಅಡಿಗೆಯವರಲ್ಲವೇ? ಆ ಮಾತು ಕೇಳಿ ನಾವು ಅತ್ತೆವು.

ಅವರು ಉಳಿಯಲಿಲ್ಲ. ಇನ್ನೂ ಏಳು ತಿಂಗಳು ಬದುಕಿದರು. ಮಗಳ ಮದುವೆ ನೋಡಿದರು, ಮದುವೆಯ ಪಾಯಸ ನುಂಗಿದರು, ಹೋದರು. ಸುಳ್ಳು ಹೇಳಿ ಯಾರಿಗೂ ಆಸೆ ಹುಟ್ಟಿಸುವ ಉದ್ದೇಶ ನನಗಿಲ್ಲ. ಈ ಜಾತಿಯ ರೋಗ ಕ್ರೂರವಾದುದು. ಔಷಧಕ್ಕೆ ಮೊದಲು ಬಗ್ಗುತ್ತದೆ, ಆಮೇಲೆ ಬಹಳ ಸಲ ತಿರುಗಿ ಬೀಳುತ್ತದೆ. ಹೆಚ್ಚಿನ ರೋಗಿಗಳಿಗೆ ಒಂದು ವರ್ಷದ ಆಸುಪಾಸಿನ ಆಯುಷ್ಯವೇ ಸಿಗುತ್ತದೆ. ಆದರೆ ಹರಡುವ ಮೊದಲು ಸಿಕ್ಕವರು ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಕೆಲವರು ವರ್ಷಗಟ್ಟಲೆ ಬದುಕಿದ್ದೂ ಉಂಟು. ಐದು ತಿಂಗಳು ಮೊದಲು ದುರ್ಬೀನು ಇಳಿದಿದ್ದರೆ ಅಣ್ಣ ಬದುಕುತ್ತಿದ್ದರೇ? ಖಂಡಿತ ಎಂದು ಹೇಳಲಾರೆ. ಆದರೆ ಅವರ ಯಕೃತ್ತಿಗೆ ಹೋಗಲು ಆ ಐದು ತಿಂಗಳ ಸಮಯವನ್ನು ರೋಗಕ್ಕೆ ದಾನ ಕೊಟ್ಟವರು ನಾವು ಎಂಬುದನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ.

ಧಣಿಗಳಿಗೆ ನಾಲ್ಕು ಮಾತು

ಸನ್ಮಾನ್ಯ ಧಣಿಗಳೇ, ನೀವೂ ಒಂದು ಕಾಲಕ್ಕೆ ಟ್ರಂಕು ಹೊತ್ತು ಬಂದವರೇ. ನಿಮ್ಮಲ್ಲಿ ಅನೇಕರು ಲೋಟ ತೊಳೆದು ಮೇಲೆ ಬಂದವರೇ. ಕಾಯಿಲೆಯವನ ಕೈಗೆ ರೈಲಿನ ಟಿಕೇಟು ಕೊಡುವುದು ಧರ್ಮವೆಂದು ನೀವು ತಿಳಿದಿರುವಿರಿ. ಅದು ಧರ್ಮವಲ್ಲ, ಹೊಣೆ ಜಾರಿಸುವ ಉಪಾಯ. ಇ.ಎಸ್.ಐ. ಕಾನೂನು ಬಂದದ್ದು ೧೯೪೮ರಲ್ಲಿ, ಯೋಜನೆ ಆರಂಭವಾದದ್ದು ೧೯೫೨ರಲ್ಲಿ. ಇಷ್ಟು ವರ್ಷಗಳ ಮೇಲೂ ನಿಮ್ಮ ಎಷ್ಟು ಹೋಟೆಲುಗಳ ಹಾಜರಿ ಪುಸ್ತಕದಲ್ಲಿ ನಮ್ಮೆಲ್ಲರ ಹೆಸರಿದೆ? ಇಪ್ಪತ್ತು ಜನ ದುಡಿಯುವಲ್ಲಿ ಏಳು ಹೆಸರು ಬರೆದು, ಉಳಿದ ಹದಿಮೂರು ಜನರನ್ನು "ಊರಿನ ಹುಡುಗರು, ನಮ್ಮವರೇ" ಎಂದು ನುಂಗಿಹಾಕುವ ಲೆಕ್ಕ ನಮಗೆ ತಿಳಿಯದೇ?

೨೦೧೯ರ ಜುಲೈಯಲ್ಲಿ ಇ.ಎಸ್.ಐ. ವಂತಿಗೆಯನ್ನು ಇಳಿಸಿದರು: ಮಾಲಕನದು ಸಂಬಳದ ನೂರಕ್ಕೆ ೩.೨೫, ಕಾರ್ಮಿಕನದು ನೂರಕ್ಕೆ ೦.೭೫. ಹದಿನೈದು ಸಾವಿರ ಸಂಬಳದವನಿಗೆ ಲೆಕ್ಕ ಹಾಕಿದರೆ ನಿಮ್ಮ ಪಾಲು ತಿಂಗಳಿಗೆ ೪೮೭ ರೂಪಾಯಿ ೫೦ ಪೈಸೆ, ನಮ್ಮದು ೧೧೨ ರೂಪಾಯಿ ೫೦ ಪೈಸೆ. ನಿಮ್ಮ ಹೋಟೆಲಿನಲ್ಲಿ ಒಂದು ಸಂಸಾರ ಒಂದು ಸಂಜೆ ತಿಂಡಿ ತಿಂದು ಕೊಡುವ ಬಿಲ್ಲಿನಷ್ಟು! ಆ ಹಣದಿಂದ ಸಿಗುವುದೇನು? ಕಾರ್ಮಿಕನಿಗೂ ಅವನ ಸಂಸಾರಕ್ಕೂ ಚಿಕಿತ್ಸೆ. ಕ್ಯಾನ್ಸರಿನಂಥ ದೀರ್ಘ ರೋಗಕ್ಕೆ, ನಿಯಮದಂತೆ ಸೇವೆ ಮತ್ತು ವಂತಿಗೆ ಪೂರೈಸಿದವನಿಗೆ, ಸಂಬಳದ ನೂರಕ್ಕೆ ೮೦ರಷ್ಟು ಭತ್ತೆ ಎರಡು ವರ್ಷದವರೆಗೂ ಸಿಗುವ ಏರ್ಪಾಡು. ನೀವು ಕೊಡುವ ರೈಲಿನ ಟಿಕೇಟಿಗಿಂತ ಇದು ದೊಡ್ಡದಲ್ಲವೇ? ಹೆಸರು ಬರೆಯಿರಿ. ದಾನ ಬೇಡ, ಹಕ್ಕು ಕೊಡಿ.

ಬಿಸಿ ಚಹಾ, ಎಲೆಯಡಿಕೆ, ತಂಬಾಕು

ಧಣಿಗಳಿಗೆ ಹೇಳಿ ಆಯಿತು. ಇನ್ನು ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ರಾತ್ರಿ ಪಾಳಿಯ ನಿದ್ದೆ ಹೊಡೆದೋಡಿಸಲು ಕೆಳದವಡೆಯಲ್ಲಿ ತಂಬಾಕು, ಉಂಡ ಮೇಲೆ ಎಲೆಯಡಿಕೆ, ಸಂಬಳದ ದಿನ ಕುಡಿತ, ಗಂಟೆಗೊಂದು ಕುದಿಯುವ ಚಹಾ. ಗಿರಣಿಯ ಭೋಂಗಾ ಕೂಗುತ್ತಿದ್ದ ಕಾಲದಿಂದ ನಾವು ಕಲಿತ ವಿದ್ಯೆ ಇದು. ತಂಬಾಕು ಸೇರಿಸಿದ ಎಲೆಯಡಿಕೆ ಅನ್ನನಾಳದ ಕ್ಯಾನ್ಸರಿಗೂ ಕಾರಣವೆಂದು, ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿದೆ. ಅಡಿಕೆ ನಮ್ಮ ಊರಿನ ಬೆಳೆ, ನಮ್ಮ ಅಪ್ಪಂದಿರ ಅನ್ನ. ಈ ಮಾತು ಬರೆಯುವಾಗ ನನ್ನ ಕೈಯೂ ಅಳುಕುತ್ತದೆ. ಆದರೆ ಸತ್ಯಕ್ಕೆ ಊರಿಲ್ಲ.

೬೫ ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವುದು ಬಹುಶಃ ಕ್ಯಾನ್ಸರ್ ತರಬಲ್ಲುದೆಂದು ಅದೇ ಸಂಸ್ಥೆ ೨೦೧೬ರಲ್ಲಿ ಹೇಳಿತು. ಇರಾನಿನಲ್ಲಿ ಐವತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ ೨೦೧೯ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ೬೦ ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಾದ ಚಹಾವನ್ನು ದಿನಕ್ಕೆ ೭೦೦ ಮಿಲಿಲೀಟರಿಗಿಂತ ಹೆಚ್ಚು ಕುಡಿಯುವವರಿಗೆ ಸ್ಕ್ವೇಮಸ್ ಜಾತಿಯ ಅಪಾಯ, ಕಡಿಮೆ ಮತ್ತು ಆರಿದ ಚಹಾ ಕುಡಿಯುವವರಿಗಿಂತ ನೂರಕ್ಕೆ ೯೦ರಷ್ಟು ಹೆಚ್ಚಿತ್ತು. ಚಹಾ ಬಿಡಬೇಕಾಗಿಲ್ಲ, ಬಂಧುಗಳೇ. ನಾಲ್ಕು ನಿಮಿಷ ಆರಲು ಬಿಡಿ. ಆದರೆ ನಿಲ್ಲಿ: ಕೆಲಸದ ಮಧ್ಯೆ ಚಹಾ ಕುಡಿಯಲು ನಾಲ್ಕು ನಿಮಿಷ ನಮಗೆ ಸಿಗುತ್ತದೆಯೇ? ಗಂಟಲು ಸುಟ್ಟುಕೊಂಡು ಕುಡಿಯುವುದು ರುಚಿಗಲ್ಲ, ಗಲ್ಲಾದಿಂದ ಬರುವ ಕೂಗಿಗೆ ಹೆದರಿ. ಈ ನಾಲ್ಕು ನಿಮಿಷವೂ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸೇರಲಿ.

ಹಾಗೆಂದು "ತಂಬಾಕು ತಿಂದ, ಅನುಭವಿಸಲಿ" ಎನ್ನುವ ಧರ್ಮಾತ್ಮರ ಮಾತಿಗೆ ಕಿವಿಗೊಡಬೇಡಿ. ಅಣ್ಣ ಬೀಡಿ ಸೇದುತ್ತಿದ್ದರು, ನಿಜ. ತಪ್ಪು ಮಾಡಿದವನಿಗೂ ಸಕಾಲದ ಪರೀಕ್ಷೆಯ ಹಕ್ಕಿದೆ. ರೋಗಿಯ ಮುಂದೆ ನ್ಯಾಯಾಧೀಶರಾಗಿ ಕೂರುವುದು ಸುಲಭ. ಆಸ್ಪತ್ರೆಯ ಸಾಲಿನಲ್ಲಿ ಅವನ ಪಕ್ಕದಲ್ಲಿ ನಿಲ್ಲುವುದು ಕಷ್ಟ.

ಸಂಘ ಏನು ಮಾಡಬೇಕು?

ಪರೇಲಿನ ಗಿರಣಿಗಳ ನಡುವೆ ೧೯೪೧ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ೧೯೮೨ರ ಜನವರಿ ೧೮ರಂದು ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿಮಣಿಗಳ ಜಾಗದಲ್ಲಿ ಗೋಪುರಗಳು ಎದ್ದವು. ಆಸ್ಪತ್ರೆ ಉಳಿದಿದೆ. ಅಸ್ಸಾಮಿನಿಂದ, ಬಿಹಾರದಿಂದ ಎರಡು ದಿನ ರೈಲಿನಲ್ಲಿ ಕುಳಿತು ಜನ ಅಲ್ಲಿಗೆ ಬರುತ್ತಾರೆ. ಒಂದು ಮೈಲು ದೂರದಲ್ಲಿ ಚಹಾ ಕೊಡುವ ನಾವು ಮಾತ್ರ ಅದರ ಬಾಗಿಲಿಗೆ ಹೋಗುವುದು ಎಲ್ಲ ಮುಗಿದ ಮೇಲೆ. ಊರಿಗೇ ಹೋಗಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ೧೯೭೩ರಿಂದ ಕಿದ್ವಾಯಿ ಸಂಸ್ಥೆಯಿದೆ. ಬಡವರ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ೨೦೧೮ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂತು. ೨೦೨೪ರ ಅಕ್ಟೋಬರಿನಲ್ಲಿ ಅದನ್ನು ೭೦ ದಾಟಿದ ಎಲ್ಲರಿಗೂ, ವರಮಾನ ಕೇಳದೆ, ವಿಸ್ತರಿಸಿದರು. ಮುಷ್ಕರದ ಕಾಲದಲ್ಲಿ ಗಿರಣಿಯ ಬಾಗಿಲಲ್ಲಿ ನಿಂತ ನಮ್ಮ ಹಿರಿಯರಲ್ಲಿ ಎಷ್ಟು ಜನ ಆ ಕಾರ್ಡು ಮಾಡಿಸಿದ್ದಾರೆ? ಮಾಡಿಸಿಕೊಡುವುದು ಯಾರ ಕೆಲಸ? ನಮ್ಮದೇ.

ಆದುದರಿಂದ ನಮ್ಮ ಸಂಘದ ಮುಂದೆ ಈ ಸೂಚನೆಗಳನ್ನು ಇಡುತ್ತೇನೆ.

ಒಂದನೆಯದು: ಹೋಟೆಲಿನ ಪ್ರತಿ ಮಲಗುವ ಕೋಣೆಯಲ್ಲಿ, ಪ್ರತಿ ಚಾಳಿನಲ್ಲಿ, ದೊಡ್ಡ ಅಕ್ಷರದ ಒಂದು ಚೀಟಿ ಅಂಟಿಸಬೇಕು. ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಸ್ವರ ಕೆಟ್ಟು ಸರಿಹೋಗದಿರುವುದು, ನೀರು ಕುಡಿದರೆ ಕೆಮ್ಮು ಬರುವುದು, ವಾಂತಿಯಲ್ಲಿ ರಕ್ತ, ಮಲ ಟಾರಿನಂತೆ ಕಪ್ಪಾಗುವುದು: ಇವುಗಳಲ್ಲಿ ಒಂದು ಕಂಡರೂ ಡಾಕ್ಟರರ ಬಳಿ ಓಡಬೇಕು. ಅನ್ನ ಸಿಕ್ಕಿಕೊಂಡರೆ ಎರಡು ವಾರದೊಳಗೆ ಎಂಡೋಸ್ಕೋಪಿ. ರಕ್ತ ವಾಂತಿಯಾದರೆ, ನೀರೂ ಇಳಿಯದಿದ್ದರೆ, ಅಂದೇ ಆಸ್ಪತ್ರೆ.

ಎರಡನೆಯದು: ಪರೀಕ್ಷೆಯ ದಿನಕ್ಕೆ ಸಂಬಳ ಕಡಿತವಿಲ್ಲದ ರಜೆಯನ್ನು ಮಾಲಕರ ಸಂಘದಿಂದ ಬರಹದಲ್ಲಿ ಪಡೆಯಬೇಕು.

ಮೂರನೆಯದು: ಒಬ್ಬರ ಹೆಸರೂ ಬಿಡದೆ ಇ.ಎಸ್.ಐ. ನೋಂದಣಿ.

ನಾಲ್ಕನೆಯದು: ಸಂಘದ ನಿಧಿಯಿಂದ ಹೂವಿನ ಹಾರಕ್ಕೆ, ಸಂತಾಪ ಸಭೆಯ ಶಾಮಿಯಾನಕ್ಕೆ ಖರ್ಚು ಮಾಡುವ ಮೊದಲು ದುರ್ಬೀನಿಗೆ, ಬಯಾಪ್ಸಿಗೆ ಖರ್ಚು ಮಾಡಬೇಕು. ಸತ್ತವರಿಗೆ ಎರಡು ನಿಮಿಷ ಮೌನ ನಿಲ್ಲುವುದರಲ್ಲಿ ನಾವು ಪ್ರವೀಣರು. ಬದುಕಿದ್ದವರಿಗಾಗಿ ಎರಡು ಗಂಟೆ ಸಾಲಿನಲ್ಲಿ ನಿಲ್ಲಲು ಕಲಿಯೋಣ.

ಐದನೆಯದು: ರೋಗಿಯ ಜೊತೆಗೆ ಹಿಂದಿ, ಮರಾಠಿ ಬಲ್ಲ, ಓದಲು ಬಲ್ಲ ಒಬ್ಬ ಸದಸ್ಯ ಹೋಗಬೇಕು. ಡಾಕ್ಟರರನ್ನು ವಿನಯದಿಂದ, ಆದರೆ ಬಿಡದೆ ಕೇಳಬೇಕು: ಇದು ಯಾವ ಜಾತಿಯ ಗಡ್ಡೆ? ವಿಶೇಷ ಪರೀಕ್ಷೆ ಆಗಿದೆಯೇ? ಎದೆ, ಹೊಟ್ಟೆಯ ಸಿ.ಟಿ. ಆಗಿದೆಯೇ? ಎಲ್ಲಿಯವರೆಗೆ ಹರಡಿದೆ? ಶಸ್ತ್ರವೈದ್ಯರು, ಔಷಧದ ವೈದ್ಯರು, ವಿಕಿರಣದ ವೈದ್ಯರು ಮೂವರೂ ಕೂಡಿ ತೀರ್ಮಾನಿಸಿದ್ದಾರೆಯೇ? ರೋಗಿ ಸೊರಗದಂತೆ ಆಹಾರ ಕೊಡುವ ದಾರಿ ಏನು? ಪ್ರತಿ ಕಾಗದದ ಪ್ರತಿ ನಮ್ಮ ಕೈಗೆ ಬರಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾಗಿ ಮುಂಗಡ ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಅಣ್ಣನ ಹಾಸಿಗೆಯ ಜಾಗದಲ್ಲಿ ಈಗ ಹೊಸ ಹುಡುಗನೊಬ್ಬ ಮಲಗುತ್ತಾನೆ. ಮೊನ್ನೆ ಪಕ್ಕದ ಹೋಟೆಲಿನ ಹಿರಿಯರೊಬ್ಬರು ಊಟದ ನಡುವೆ ಎದೆ ತಿಕ್ಕಿಕೊಳ್ಳುತ್ತ, "ಯಾಕೋ ಅನ್ನ ಸಿಕ್ಕಿದ ಹಾಗಾಗುತ್ತದೆ ಮಾರಾಯ, ಒಂದು ಸೋಡಾ ತಾ" ಎಂದರಂತೆ. ಆ ಹುಡುಗ ಸೋಡಾ ತರಲಿಲ್ಲ. "ಎಷ್ಟು ದಿನದಿಂದ?" ಎಂದು ಕೇಳಿದ. ಮರುದಿನ ಬೆಳಿಗ್ಗೆ ಅವರನ್ನು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಂತ.

ಬಂಧುಗಳೇ, ನೀವೂ ಸೋಡಾ ತರಬೇಡಿ. ಎಷ್ಟು ದಿನದಿಂದ ಎಂದು ಕೇಳಿ.